ಸೆಫಲೋಗ್ರಾಮ್‌ನಲ್ಲಿ ಅಡೆನಾಯ್ಡ್ ನೋಡುವುದು ಹೇಗೆ: ಹಲ್ಲಿನ ಎಕ್ಸ್‌ರೇಯಿಂದ ಉಸಿರುದಾರಿಯ ಅಂದಾಜು

ಕ್ಲಿಪ್ ಹಾಕಿಸಲು ಬಂದ ಎಂಟು-ಹತ್ತು ವರ್ಷದ ಮಗುವಿಗೆ ಲ್ಯಾಟರಲ್ ಸೆಫಲೋಗ್ರಾಮ್ ತೆಗೆಸುವುದು ರೂಢಿ. ತಲೆಯನ್ನು ಪಕ್ಕದಿಂದ ತೆಗೆದ ಈ ಚಿತ್ರದಲ್ಲಿ ಹಲ್ಲಿನ ಓರೆ, ದವಡೆಗಳ ಉದ್ದ, ಗದ್ದ ಬೆಳೆಯುವ ದಿಕ್ಕು ಇಷ್ಟನ್ನು ಅಳೆದು ಫೈಲಿಗೆ ಸೇರಿಸಿಬಿಡುತ್ತೇವೆ. ಅದೇ ಚಿತ್ರದಲ್ಲಿ ಅಂಗುಳದ ಹಿಂದೆ, ಮೂಗಿನಿಂದ ಗಂಟಲಿಗೆ ಇಳಿಯುವ ಗಾಳಿಯ ದಾರಿ ಕಪ್ಪು ಪಟ್ಟಿಯಾಗಿ ಬಿದ್ದಿರುತ್ತದೆ. ಆ ದಾರಿಯ ಚಾವಣಿಯಿಂದ ಉಬ್ಬಿ ಬಂದ ಅಡೆನಾಯ್ಡ್ ಎಂಬ ಗ್ರಂಥಿ ಕೂಡ ಕಾಣುತ್ತದೆ. ಅದನ್ನು ನೋಡಲು ಇನ್ನೊಂದು ಎಕ್ಸ್‌ರೇ ಬೇಡ, ಹೆಚ್ಚಿನ ಖರ್ಚಿಲ್ಲ, ಕೈ ಪಳಗಿದವರಿಗೆ ಕೆಲವೇ ನಿಮಿಷದ ಕೆಲಸ. ಆದರೂ ಆ ಭಾಗವನ್ನು ನೋಡದೆ ಬಿಡುವುದೇ ಹೆಚ್ಚು.

ಈ ಬರಹ ಮುಖ್ಯವಾಗಿ ದಂತವೈದ್ಯರಿಗೆ ಮತ್ತು ಆರ್ಥೊ, ಅಂದರೆ ಹಲ್ಲು-ದವಡೆ ಸರಿಪಡಿಸುವ ವಿದ್ಯೆ, ಓದುತ್ತಿರುವವರಿಗೆ. ಮಗುವಿನ ಫಿಲ್ಮ್ ಕೈಯಲ್ಲಿ ಹಿಡಿದು ಕೂತ ತಂದೆತಾಯಿಗೂ ಇದರ ಬಹುಪಾಲು ಅರ್ಥವಾದೀತು. ಒಂದು ಮಾತು ಮೊದಲೇ ಹೇಳಬೇಕು. ಸೆಫ್, ಅಂದರೆ ಈ ಸೆಫಲೋಗ್ರಾಮ್, ಒಂದು ಜರಡಿ ಪರೀಕ್ಷೆ ಮಾತ್ರ. ಯಾವ ಮಗುವನ್ನು ಇಎನ್‌ಟಿ ವೈದ್ಯರ ಬಳಿ ಕಳಿಸಬೇಕು ಎಂದು ತೀರ್ಮಾನಿಸಲು ಅದು ನೆರವಾಗುತ್ತದೆ. ಗ್ರಂಥಿ ತೆಗೆಸಬೇಕೋ ಬೇಡವೋ ಎಂಬುದನ್ನು ಅದು ಹೇಳುವುದಿಲ್ಲ, ಅದರಿಂದ ಹೇಳಿಸಲೂ ಬಾರದು.

ವಯಸ್ಸು ಗೊತ್ತಿಲ್ಲದೆ ಅಳತೆಗೆ ಅರ್ಥವಿಲ್ಲ

ಮೂಗಿನ ಹಿಂಭಾಗದಲ್ಲಿ, ತಲೆಬುರುಡೆಯ ತಳಕ್ಕೆ ಅಂಟಿಕೊಂಡು, ಕಿರುನಾಲಿಗೆಗಿಂತ ಮೇಲೆ ಇರುವ ದುಗ್ಧರಸ ಗ್ರಂಥಿಯ ಗೊಂಚಲೇ ಅಡೆನಾಯ್ಡ್. ಟಾನ್ಸಿಲ್ ಬಾಯಿ ತೆರೆದರೆ ಕಾಣುತ್ತದೆ, ಇದು ಕಾಣುವುದಿಲ್ಲ. ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಇದನ್ನು ಕಾಯಿಲೆಯ ಕಾರಣವೆಂದು ಮೊದಲು ವಿವರವಾಗಿ ಬರೆದಾಗ, ಬೆರಳನ್ನು ಅಂಗುಳದ ಹಿಂದೆ ತೂರಿಸಿ ಮುಟ್ಟಿ ನೋಡುವುದೇ ದಾರಿಯಾಗಿತ್ತು.

ಹುಟ್ಟಿದಾಗ ಚಿಕ್ಕದಾಗಿರುವ ಈ ಗ್ರಂಥಿ ಮೊದಲ ಕೆಲವು ವರ್ಷ ಬೇಗಬೇಗ ಬೆಳೆಯುತ್ತದೆ. ಅದಿರುವ ಮೂಳೆಯ ಗೂಡು ಅಷ್ಟೇ ವೇಗದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಸುಮಾರು ಮೂರರಿಂದ ಆರು ವರ್ಷದೊಳಗೆ ದಾರಿ ಅತಿ ಇಕ್ಕಟ್ಟು. ಆಮೇಲೆ ಗೂಡು ಹಿಗ್ಗುತ್ತ ಹೋಗಿ ಗ್ರಂಥಿ ಕುಗ್ಗುತ್ತ ಬರುತ್ತದೆ. ಹದಿಹರೆಯ ಮುಗಿಯುವ ಹೊತ್ತಿಗೆ ಹೆಚ್ಚಿನವರಲ್ಲಿ ತೆಳುವಾದ ಪದರವಷ್ಟೇ ಉಳಿಯುತ್ತದೆ. ಐದು ವರ್ಷದ ಮಗುವಿನಲ್ಲಿ ಸಹಜವಾದ ಉಬ್ಬು ಹದಿನೈದರಲ್ಲಿ ಸಹಜವಲ್ಲ. ವಯಸ್ಕರ ಚಿತ್ರದಲ್ಲಿ ಅಲ್ಲಿ ದಪ್ಪ ಗಡ್ಡೆ ಕಂಡರೆ 'ಅಡೆನಾಯ್ಡ್ ಉಳಿದುಕೊಂಡಿದೆ' ಎಂದು ತಳ್ಳಿಹಾಕುವಂತಿಲ್ಲ. ಎಚ್‌ಐವಿ ಸೋಂಕು, ಲಿಂಫೋಮಾ, ಮೂಗು-ಗಂಟಲಿನ ಕ್ಯಾನ್ಸರ್ ಇವೆಲ್ಲ ಅದೇ ಜಾಗದಲ್ಲಿ ಅದೇ ರೀತಿ ಕಾಣಬಲ್ಲವು.

ಎಕ್ಸ್‌ರೇಗೆ ಮುಂಚೆ ಮಗುವನ್ನು ನೋಡಿ

ಮಗು ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಅರ್ಧ ವಿಷಯ ಗೊತ್ತಾಗುತ್ತದೆ. ಸುಮ್ಮನೆ ಕೂತಾಗ ತುಟಿಗಳು ಕೂಡಿವೆಯೇ? ಬಾಯಿ ಮುಚ್ಚು ಎಂದರೆ ಗದ್ದದ ಚರ್ಮದಲ್ಲಿ ಗುಳಿಗುಳಿಯಾಗಿ ಸುಕ್ಕು ಬೀಳುತ್ತದೆಯೇ? ಮಾತು ಶೀತವಾದವರ ಹಾಗೆ ಮೂಗು ಕಟ್ಟಿದ ದನಿಯಲ್ಲಿದೆಯೇ? ಮೇಲ್ದವಡೆ ಕಿರಿದಾಗಿ ಅಂಗುಳ ಎತ್ತರವಾಗಿದ್ದು, ಹಿಂದಿನ ಹಲ್ಲುಗಳು ಅಡ್ಡಕಚ್ಚಿವೆಯೇ? ಮುಂಭಾಗದ ಒಸಡು ಒಣಗಿ ಕೆಂಪಾಗಿದೆಯೇ?

ತಂದೆತಾಯಿಗೆ ಕೇಳಬೇಕಾದ ಪ್ರಶ್ನೆಗಳನ್ನು ನೇರವಾಗಿ ಕೇಳಿ. ವಾರದಲ್ಲಿ ಎಷ್ಟು ರಾತ್ರಿ ಗೊರಕೆ ಹೊಡೆಯುತ್ತದೆ, ಶೀತ ಇಲ್ಲದಾಗಲೂ ಹೊಡೆಯುತ್ತದೆಯೇ, ಗೊರಕೆ ನಡುವೆ ಉಸಿರು ನಿಂತು ಮತ್ತೆ ಬೆಚ್ಚಿದಂತೆ ಶುರುವಾಗುತ್ತದೆಯೇ, ತಲೆದಿಂಬು ಜೊಲ್ಲಿನಿಂದ ಒದ್ದೆಯಾಗುತ್ತದೆಯೇ, ಕುತ್ತಿಗೆ ಹಿಂದಕ್ಕೆ ಚಾಚಿ ಮಲಗುತ್ತದೆಯೇ, ಹಾಸಿಗೆಯಲ್ಲಿ ಮೂತ್ರ ಮತ್ತೆ ಶುರುವಾಗಿದೆಯೇ, ಟಿವಿ ಸದ್ದು ಜೋರು ಮಾಡುತ್ತದೆಯೇ, ಶಾಲೆಯಲ್ಲಿ ತೂಕಡಿಸುತ್ತದೆ ಅಥವಾ ಒಂದೆಡೆ ಕೂರುವುದಿಲ್ಲ ಎಂಬ ದೂರಿದೆಯೇ. ಟಿವಿಯ ಪ್ರಶ್ನೆ ಮುಖ್ಯ. ಅಡೆನಾಯ್ಡ್ ಪಕ್ಕದಲ್ಲೇ ಕಿವಿಗೆ ಹೋಗುವ ನಳಿಕೆಯ ಬಾಯಿ ಇದೆ. ಅಲ್ಲಿ ಅಡ್ಡಿಯಾದರೆ ಕಿವಿಯೊಳಗೆ ಅಂಟುದ್ರವ ತುಂಬಿ, ನೋವೇ ಇಲ್ಲದೆ ಕೇಳಿಸುವುದು ಕಡಿಮೆಯಾಗುತ್ತದೆ.

ನಂತರ ಎರಡು ಸಣ್ಣ ಪರೀಕ್ಷೆ. ಬಾಯಿ ನೋಡುವ ಕನ್ನಡಿಯನ್ನು ಮೂಗಿನ ಹೊಳ್ಳೆಗಳ ಕೆಳಗೆ ಅಡ್ಡ ಹಿಡಿದು ಮೂಗಿನಿಂದ ಉಸಿರು ಬಿಡಿಸಿ. ಎರಡೂ ಕಡೆ ಹಬೆ ಕೂರುತ್ತದೆಯೇ, ಒಂದೇ ಕಡೆಯೇ ಎಂದು ನೋಡಿ. ಆಮೇಲೆ ಒಂದು ಗುಟುಕು ನೀರು ಬಾಯಲ್ಲಿ ಇಟ್ಟು ನುಂಗದೆ ಒಂದೆರಡು ನಿಮಿಷ ಕೂರಲು ಹೇಳಿ. ಆರಾಮವಾಗಿ ಕೂರುವ ಮಗುವಿಗೆ ಮೂಗಿನ ದಾರಿ ಇದೆ, ಬಾಯುಸಿರು ಬಹುಶಃ ಅಭ್ಯಾಸ. ಅರ್ಧ ನಿಮಿಷದಲ್ಲಿ ಚಡಪಡಿಸಿ ನೀರು ಉಗುಳುವ ಮಗುವಿನ ಸೆಫ್ ಅನ್ನು ಹೆಚ್ಚು ಗಮನವಿಟ್ಟು ನೋಡಬೇಕು.

ಹಾಗೆಯೇ ಬಾಯಿ ತೆರೆಸಿ ಟಾನ್ಸಿಲ್ ಗಾತ್ರ, ಕಿರುನಾಲಿಗೆಯ ಆಕಾರ ನೋಡಿ. ಕಿರುನಾಲಿಗೆ ಎರಡಾಗಿ ಸೀಳಿದ್ದರೆ, ಮೆದು ಅಂಗುಳದ ಮಧ್ಯೆ ನೀಲಿಛಾಯೆಯ ತೆಳು ಗೆರೆ ಕಂಡರೆ, ಬೆರಳಿಟ್ಟಾಗ ಗಟ್ಟಿ ಅಂಗುಳದ ಹಿಂದಂಚು ಕಚ್ಚಿದಂತೆ ಒಳಸರಿದಿದ್ದರೆ ಅದು ಚರ್ಮದಡಿಯ ಸೀಳಂಗುಳವಾಗಿರಬಹುದು. ಇಂಥ ಮಗುವಿನಲ್ಲಿ ಅಂಗುಳ ಗಂಟಲಿನ ಹಿಂಗೋಡೆಗೆ ಮುಟ್ಟಿ ಮುಚ್ಚಿಕೊಳ್ಳಲು ಅಡೆನಾಯ್ಡ್ ಆಸರೆಯಾಗಿರುತ್ತದೆ. ಅದನ್ನು ತೆಗೆದರೆ ಮಾತೆಲ್ಲ ಮೂಗಿನಿಂದ ಬರತೊಡಗಬಹುದು, ಕುಡಿದ ನೀರು ಮೂಗಿಗೆ ಏರಬಹುದು. ಬಾಯೊಳಗೆ ದಿನವಿಡೀ ನೋಡುವವರು ದಂತವೈದ್ಯರು. ಇದನ್ನು ಮೊದಲು ಕಾಣಬೇಕಾದವರೂ ನಾವೇ.

ಯಾವ ಎಕ್ಸ್‌ರೇ

ಎಲ್ಲ ಹಲ್ಲುಗಳನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್‌ರೇಯಲ್ಲಿ ಅಡೆನಾಯ್ಡ್ ಅಳೆಯಲು ಆಗುವುದಿಲ್ಲ. ಅದರಲ್ಲಿ ದವಡೆಯ ಕಮಾನಿನ ಆಚೀಚಿನದೆಲ್ಲ ಮಸುಕಾಗಿ ಹಿಗ್ಗಿ ಬೀಳುತ್ತದೆ. ನಾಲಿಗೆಯ ಮೇಲೆ ಕಾಣುವ ಕಪ್ಪು ಪಟ್ಟೆ ಅಂಗುಳಕ್ಕೂ ನಾಲಿಗೆಗೂ ನಡುವೆ ಉಳಿದ ಗಾಳಿ. ಅದನ್ನು ಉಸಿರುದಾರಿ ಎಂದು ಓದಿದವರು ತಪ್ಪು ಓದಿದ್ದಾರೆ. ಬೇಕಾದದ್ದು ಲ್ಯಾಟರಲ್ ಸೆಫ್. ಇಎನ್‌ಟಿಯವರು ಬರೆಯುವ 'ನೇಸೋಫ್ಯಾರಿಂಕ್ಸ್ ಲ್ಯಾಟರಲ್ ವ್ಯೂ' ಕೂಡ ಹೆಚ್ಚುಕಡಿಮೆ ಇದೇ ನೋಟ. ಆದರೆ ಅದರಲ್ಲಿ ತಲೆಯನ್ನು ಹಿಡಿದಿಡುವ ಚೌಕಟ್ಟು ಇರುವುದಿಲ್ಲ, ಹಾಗಾಗಿ ತಲೆ ತಿರುಗಿರುವ ಸಾಧ್ಯತೆ ಹೆಚ್ಚು.

ಸೆಫ್‌ನ ವಿಕಿರಣ ಕಡಿಮೆಯೇ, ಡಿಜಿಟಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಹತ್ತು ಮೈಕ್ರೊಸೀವರ್ಟ್‌ಗಿಂತ ಕೆಳಗೆ. ನಿಸರ್ಗದಿಂದಲೇ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸಿಗುವುದು ವಿಶ್ವದ ಸರಾಸರಿಯಲ್ಲಿ 2.4 ಮಿಲಿಸೀವರ್ಟ್, ಅಂದರೆ 2400 ಮೈಕ್ರೊಸೀವರ್ಟ್. ಹಾಗೆಂದು ಅಡೆನಾಯ್ಡ್ ಒಂದನ್ನೇ ನೋಡಲು ಮಕ್ಕಳಿಗೆ ಸೆಫ್ ಬರೆಯುವುದು ಸರಿಯಲ್ಲ. ಹಲ್ಲಿನ ಚಿಕಿತ್ಸೆಗೆ ಹೇಗೂ ಬೇಕಾದ ಚಿತ್ರವನ್ನು ಪೂರ್ತಿ ಓದುವುದು ನಮ್ಮ ಕೆಲಸ.

ತೆಗೆಯುವಾಗಲೇ ಚಿತ್ರ ಕೆಡುತ್ತದೆ

ಅಡೆನಾಯ್ಡ್ ಓದುವಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡ ಪಾಲು ಪೆನ್ಸಿಲ್ ಹಿಡಿಯುವ ಮೊದಲೇ ಆಗಿಹೋಗಿರುತ್ತದೆ. ಮೆದು ಅಂಗುಳ ಅಲುಗಾಡುವ ಅಂಗ. ನುಂಗುವಾಗ, ಅಳುವಾಗ, ಮಾತನಾಡುವಾಗ ಅದು ಮೇಲೆದ್ದು ಹಿಂಗೋಡೆಗೆ ತಾಗುತ್ತದೆ. ಆ ಕ್ಷಣಕ್ಕೆ ಚಿತ್ರ ಬಿದ್ದರೆ ಗಾಳಿಯ ಪಟ್ಟಿಯೇ ಮಾಯ. ಬಾಯಿಂದ ಉಸಿರಾಡುತ್ತಿದ್ದರೂ ಅಂಗುಳ ಹಿಂದಕ್ಕೆ ಸರಿದು ದಾರಿ ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ.

ಮಗುವಿಗೆ ಶೀತ, ಜ್ವರ, ಗಂಟಲುನೋವು ಇದ್ದರೆ ಅಂದು ಬೇಡ. ವಾಸಿಯಾಗಿ ಎರಡು-ಮೂರು ವಾರ ಕಳೆಯಲಿ. ಸೋಂಕಿನಲ್ಲಿ ಊದಿದ ಗ್ರಂಥಿಯ ಅಳತೆ ಮಗುವಿನ ಎಂದಿನ ಅಳತೆಯಲ್ಲ.

ಚೌಕಟ್ಟಿನಲ್ಲಿ ನಿಲ್ಲಿಸುವಾಗ ಕಿವಿಯ ಕಡ್ಡಿಗಳು ಎರಡೂ ಕಡೆ ಸಮನಾಗಿ ಕೂತಿರಲಿ. ಕಣ್ಣಿನ ಗೂಡಿನ ಕೆಳಂಚಿನಿಂದ ಕಿವಿರಂಧ್ರದ ಮೇಲಂಚಿಗೆ ಎಳೆದ ಗೆರೆ, ಅಂದರೆ ಫ್ರಾಂಕ್‌ಫರ್ಟ್ ರೇಖೆ, ನೆಲಕ್ಕೆ ಸಮಾಂತರವಾಗಿರಲಿ. ಕುತ್ತಿಗೆ ಮುಂದಕ್ಕೆ ಬಾಗಿದರೆ ದಾರಿ ಕಿರಿದಾಗುತ್ತದೆ, ಹಿಂದಕ್ಕೆ ಚಾಚಿದರೆ ಅಗಲವಾಗುತ್ತದೆ. ಬಾಯುಸಿರಿನ ಮಕ್ಕಳು ತಮಗೆ ಗೊತ್ತಿಲ್ಲದೆ ತಲೆ ಹಿಂದಕ್ಕೆತ್ತಿ ನಿಲ್ಲುವುದರಿಂದ ಇದನ್ನು ಎರಡು ಸಲ ನೋಡಬೇಕು. ಡೌನ್ ಸಿಂಡ್ರೋಮ್ ಇರುವ ಮಗುವಿನ ಕುತ್ತಿಗೆಯನ್ನು ಮಾತ್ರ ಯಾವ ಕಡೆಗೂ ಒತ್ತಿ ತಿರುಗಿಸಬೇಡಿ. ಕುತ್ತಿಗೆಯ ಮೊದಲೆರಡು ಮೂಳೆಗಳ ಕೀಲು ಅವರಲ್ಲಿ ಸಡಿಲವಾಗಿರಬಹುದು.

ಆಮೇಲೆ ಮಗುವಿಗೆ ಹೇಳುವ ಮಾತು. 'ಒಂದು ಸಲ ಎಂಜಲು ನುಂಗು ಪುಟ್ಟಾ. ಈಗ ಹಿಂದಿನ ಹಲ್ಲು ಕಚ್ಚು, ತುಟಿ ಮುಚ್ಚು. ಮೂಗಿನಿಂದ ಮೆಲ್ಲಗೆ ಉಸಿರು ಬಿಡು. ಇನ್ನು ನುಂಗಬೇಡ, ಅಲುಗಾಡಬೇಡ.' ಉಸಿರು ಬಿಟ್ಟು ಮುಗಿದ ಹೊತ್ತಿಗೆ ಗುಂಡಿ ಒತ್ತಬೇಕು. ಇದನ್ನು ಯಂತ್ರ ಚಾಲೂ ಮಾಡುವ ಮೊದಲು ಒಮ್ಮೆ ಅಭ್ಯಾಸ ಮಾಡಿಸಿ. ಕೆಲವು ಯಂತ್ರಗಳು ಒಂದೇ ಹೊಡೆತಕ್ಕೆ ಚಿತ್ರ ತೆಗೆಯುತ್ತವೆ. ಇನ್ನು ಕೆಲವು ಅಂಚಿನಿಂದ ಅಂಚಿಗೆ ಹಲವು ಸೆಕೆಂಡು ಗೀಚಿಕೊಂಡು ಹೋಗುತ್ತವೆ. ಎರಡನೆಯ ಬಗೆಯಲ್ಲಿ ಮಗು ನಡುವೆ ನುಂಗಿಬಿಟ್ಟರೆ ಅಂಗುಳದ ಅಂಚು ಮೆಟ್ಟಿಲಿನಂತೆ ಮುರಿದು ಕಾಣುತ್ತದೆ. ಮೂಗು ಪೂರ್ತಿ ಕಟ್ಟಿ ತುಟಿ ಮುಚ್ಚಲಾಗದ ಮಗುವಿಗೆ ಬಲವಂತ ಬೇಡ. 'ಬಾಯಿ ತೆರೆದಾಗ ತೆಗೆದದ್ದು' ಎಂದು ಫಾರಂನಲ್ಲಿ ಬರೆದರೆ ಸಾಕು, ಓದುವವರಿಗೆ ಅದೇ ದೊಡ್ಡ ಸುಳಿವು.

ತಾಲ್ಲೂಕು ಊರುಗಳ ಕ್ಲಿನಿಕ್‌ಗಳಲ್ಲಿ ಸೆಫ್ ಯಂತ್ರ ಇರುವುದು ಅಪರೂಪ. ಜಿಲ್ಲಾಕೇಂದ್ರದ ಎಕ್ಸ್‌ರೇ ಸೆಂಟರಿಗೆ ಚೀಟಿ ಬರೆದು ಕಳಿಸುತ್ತೇವೆ. ಚೀಟಿಯಲ್ಲಿ ಬರೀ 'ಲ್ಯಾಟರಲ್ ಸೆಫ್' ಎಂದರೆ ಹಲ್ಲಿಗೆ ಬೇಕಾದಂತೆ ತೆಗೆದು ಕಳಿಸುತ್ತಾರೆ. 'ಹಲ್ಲು ಕಚ್ಚಿ, ತುಟಿ ಮುಚ್ಚಿ, ಮೂಗಿನ ಉಸಿರು, ನುಂಗದಂತೆ, ಕುತ್ತಿಗೆಯ ನಾಲ್ಕನೇ ಮೂಳೆವರೆಗೆ ಕಾಣಲಿ, ಅಳತೆಪಟ್ಟಿ ಚಿತ್ರದಲ್ಲಿರಲಿ' ಎಂದು ಸೇರಿಸಿ. ವಿಕಿರಣ ತಡೆಯಲು ಕುತ್ತಿಗೆಗೆ ಥೈರಾಯ್ಡ್ ಕಾಲರ್ ಹಾಕುವ ಸೆಂಟರ್‌ಗಳಲ್ಲಿ ಅದು ಗಂಟಲಿನ ಕೆಳಭಾಗವನ್ನು ಮರೆಮಾಡುತ್ತದೆ. ಅಡೆನಾಯ್ಡ್ ಅದಕ್ಕಿಂತ ಮೇಲಿರುವುದರಿಂದ ತೊಂದರೆಯಿಲ್ಲ, ಕೆಳದಾರಿಯ ಅಳತೆ ಮಾತ್ರ ಕೈಬಿಡಬೇಕಾಗುತ್ತದೆ.

ಅಳೆಯುವ ಮುನ್ನ ಚಿತ್ರವನ್ನು ಪರೀಕ್ಷಿಸಿ

ಕೈಗೆ ಬಂದ ಚಿತ್ರದಲ್ಲಿ ಮೊದಲು ದವಡೆಯ ಕೆಳಂಚು ಮತ್ತು ಹಿಂದಂಚುಗಳನ್ನು ನೋಡಿ. ಎಡ-ಬಲದ ಗೆರೆಗಳು ಒಂದರ ಮೇಲೊಂದು ಬಿದ್ದಿದ್ದರೆ ಅಥವಾ ಕೂದಲೆಳೆಯಷ್ಟು ಜರುಗಿದ್ದರೆ ಸರಿ. ಹಿಂದಂಚುಗಳು ಅರ್ಧ ಸೆಂಟಿಮೀಟರ್‌ಗೂ ಹೆಚ್ಚು ದೂರ ಬಿದ್ದಿದ್ದರೆ ತಲೆ ತಿರುಗಿತ್ತು ಅಥವಾ ಮುಖದ ಎರಡು ಪಕ್ಕ ಸಮನಾಗಿಲ್ಲ. ಎರಡನೆಯದಾಗಿ ಹಿಂದಿನ ಹಲ್ಲುಗಳು ಕಚ್ಚಿವೆಯೇ, ತುಟಿ ಕೂಡಿದೆಯೇ ನೋಡಿ. ಮೂರನೆಯದು ಮೆದು ಅಂಗುಳ. ಗಟ್ಟಿ ಅಂಗುಳದ ತುದಿಯಿಂದ ಅದು ಓರೆಯಾಗಿ ಕೆಳಗಿಳಿದು ಜೋತುಬಿದ್ದಿರಬೇಕು. ಮಂಡಿ ಮಡಚಿದಂತೆ ನಡುವೆ ಮಡಚಿ ಮೇಲೆದ್ದಿದ್ದರೆ ಮಗು ನುಂಗುತ್ತಿತ್ತು ಎಂದೇ ತಿಳಿಯಿರಿ. ಅಂಥ ಚಿತ್ರದಲ್ಲಿ ದಾರಿಯ ಅಗಲ ಅಳೆಯಬೇಡಿ. ಗ್ರಂಥಿಯ ದಪ್ಪವನ್ನು ಮಾತ್ರ ಎಚ್ಚರದಿಂದ ಓದಬಹುದು.

ವಾಟ್ಸಾಪ್‌ನಲ್ಲಿ ಬಂದ ಚಿತ್ರದ ವಿಷಯವೂ ಇಲ್ಲೇ ಹೇಳಬೇಕು. ಅದು ಕುಗ್ಗಿರುತ್ತದೆ, ಅಳತೆಯ ಮಾಹಿತಿ ಕಳೆದುಹೋಗಿರುತ್ತದೆ. ಅದರ ಮೇಲೆ ಮಿಲಿಮೀಟರ್ ಲೆಕ್ಕ ಹಾಕುವಂತಿಲ್ಲ. ಯಂತ್ರದಿಂದ ನೇರ ಬರುವ, ಅಳತೆಯ ಮಾಹಿತಿ ಉಳಿದಿರುವ ಡೈಕಾಮ್ ಫೈಲ್ ಕೇಳಿ, ಇಲ್ಲವೇ ಹಣೆಯ ಮುಂದಿನ ಲೋಹದ ಅಳತೆಪಟ್ಟಿ ಚಿತ್ರದಲ್ಲಿದ್ದರೆ ಅದಕ್ಕೆ ಹೊಂದಿಸಿಕೊಳ್ಳಿ.

ಫಿಲ್ಮ್‌ನಲ್ಲೂ ಹಿಗ್ಗುವಿಕೆ ಇದ್ದೇ ಇದೆ. ಬ್ರಾಡ್‌ಬೆಂಟ್ ಮತ್ತು ಹೋಫ್ರಾತ್ 1931ರಲ್ಲಿ ಈ ವಿಧಾನ ತಂದ ಮೇಲೆ ಕಿರಣದ ಮೂಲದಿಂದ ತಲೆಯ ಮಧ್ಯಕ್ಕೆ ಐದು ಅಡಿ, ಅಂದರೆ 152.4 ಸೆಂ.ಮೀ. ದೂರ ಎಂಬುದು ರೂಢಿಗೆ ಬಂತು. ತಲೆಯ ಮಧ್ಯದಿಂದ ಸೆನ್ಸರ್ 15 ಸೆಂ.ಮೀ. ಆಚೆ ಇದ್ದರೆ 167.4 ಭಾಗಿಸು 152.4, ಸುಮಾರು 1.10. ಅಂದರೆ ಚಿತ್ರದಲ್ಲಿ 5.5 ಮಿ.ಮೀ. ಕಂಡದ್ದು ನಿಜದಲ್ಲಿ 5 ಮಿ.ಮೀ. ಮುಂದೆ ಹೇಳುವ ದಾರಿಯ ಅಗಲದಲ್ಲಿ ತೀರ್ಮಾನದ ಗಡಿಯೇ 5 ಮಿ.ಮೀ. ಆಗಿರುವಾಗ ಈ ಅರ್ಧ ಮಿಲಿಮೀಟರ್ ಸಣ್ಣದಲ್ಲ. ಸಾಫ್ಟ್‌ವೇರ್ ಹಿಗ್ಗುವಿಕೆಯನ್ನು ಆಗಲೇ ಕಳೆದಿದೆಯೋ ಇಲ್ಲವೋ ಎಂಬುದನ್ನು ಒಮ್ಮೆ ಖಚಿತಪಡಿಸಿಕೊಳ್ಳಿ, ಎರಡು ಸಲ ಕಳೆದುಬಿಡುವುದೂ ಉಂಟು.

ಗುರುತುಗಳನ್ನು ಹುಡುಕುವುದು

ಚಿತ್ರದಲ್ಲಿ ಕಪ್ಪು ಅಂದರೆ ಗಾಳಿ, ಬಿಳಿ ಅಂದರೆ ಮೂಳೆ, ನಡುವಿನ ಬೂದು ಅಂದರೆ ಮೆದು ಭಾಗ. ಮುಖ ಬಲಕ್ಕಿರುವಂತೆ ಇಟ್ಟುಕೊಂಡು, ಕೋಣೆಯ ದೀಪ ಮಂದ ಮಾಡಿ, ಸ್ಕ್ರೀನಿನಲ್ಲಿ ಕಾಂಟ್ರಾಸ್ಟ್ ಕಡಿಮೆ ಮಾಡಿಕೊಳ್ಳಿ. ಮೂಳೆ ನೋಡಲು ಏರಿಸಿಟ್ಟ ಕಾಂಟ್ರಾಸ್ಟ್‌ನಲ್ಲಿ ಬೂದು ಅಂಚುಗಳು ನುಂಗಿಹೋಗುತ್ತವೆ.

1. ತಲೆಬುರುಡೆಯ ಮಧ್ಯೆ ಬಟ್ಟಲಿನಾಕಾರದ ಸೆಲ್ಲಾ ಹುಡುಕಿ. ಅಲ್ಲಿಂದ ಹಿಂದಕ್ಕೂ ಕೆಳಕ್ಕೂ ಇಳಿಜಾರಾಗಿ ಹೋಗುವ ದಪ್ಪ ಮೂಳೆಯೇ ಕ್ಲೈವಸ್. ಅದರ ಮುಂದಿನ-ಕೆಳಗಿನ ಅಂಚು ನಮ್ಮ ಚಾವಣಿ.

2. ಕ್ಲೈವಸ್‌ನ ನಡುವೆ ಮಕ್ಕಳಲ್ಲಿ ಒಂದು ತೆಳು ಕಪ್ಪು ಗೆರೆ ಅಡ್ಡ ಹಾಯುತ್ತದೆ. ಸ್ಫೀನಾಯ್ಡ್ ಮತ್ತು ಆಕ್ಸಿಪಿಟಲ್ ಮೂಳೆಗಳು ಕೂಡುವ ಮೆದುಮೂಳೆಯ ಸಂದು ಅದು. ಹದಿಹರೆಯದಲ್ಲಿ ಅದು ಮುಚ್ಚಿಹೋಗುತ್ತದೆ. ಗೆರೆಯ ಕೆಳಮುಂದಿನ ತುದಿಗೆ ಚುಕ್ಕೆ ಇಡಿ.

3. ಗಟ್ಟಿ ಅಂಗುಳದ ಹಿಂತುದಿ, ಅಂದರೆ ಪಿಎನ್‌ಎಸ್, ಗುರುತಿಸಿ. ಇಲ್ಲಿ ಸುಲಭವಾಗಿ ಎಡವುತ್ತೇವೆ. ಇನ್ನೂ ಹುಟ್ಟದ ಮೇಲಿನ ದವಡೆಹಲ್ಲಿನ ಮೊಗ್ಗು ಅದರ ಮೇಲೇ ಬಿದ್ದಿರುತ್ತದೆ. ಆಗ ಸ್ವಲ್ಪ ಮೇಲೆ, ತಲೆಕೆಳಗಾದ ಕಣ್ಣೀರಹನಿಯಂತೆ ಕಾಣುವ ಕಪ್ಪು ಸಂದನ್ನು ಹುಡುಕಿ. ಅದರ ಕೆಳತುದಿಯಿಂದ ನೇರ ಕೆಳಗೆ ಇಳಿದರೆ ಅಂಗುಳದ ಗೆರೆಗೆ ಸಿಗುವ ಜಾಗದ ಆಸುಪಾಸಿನಲ್ಲೇ ಪಿಎನ್‌ಎಸ್ ಇರುತ್ತದೆ.

4. ಕತ್ತಿನ ಮೊದಲ ಮೂಳೆಯ ಮುಂಗಮಾನು ಸಣ್ಣ ದುಂಡು ಬಿಳಿ ಚುಕ್ಕೆಯಾಗಿ ಗಂಟಲಿನ ಹಿಂಗೋಡೆಯ ಹಿಂದೆ ಕಾಣುತ್ತದೆ. ಅಡೆನಾಯ್ಡ್ ಸಾಮಾನ್ಯವಾಗಿ ಅದರ ಮಟ್ಟಕ್ಕೆ ಬರುವಷ್ಟರಲ್ಲಿ ತೆಳುವಾಗಿ ಹಿಂಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕಿಂತ ಬಹಳ ಕೆಳಗಿನವರೆಗೂ ದಪ್ಪ ಮುಂದುವರಿದರೆ ಬೇರೆ ಕಾರಣ ಹುಡುಕಬೇಕು.

5. ಈಗ ಅಡೆನಾಯ್ಡ್‌ನ ಅಂಚು. ಮೂಗಿನ ಹಿಂಬಾಗಿಲಿನ ಚಾವಣಿಯಿಂದ ಶುರುಮಾಡಿ, ಕಪ್ಪು ಗಾಳಿಯನ್ನು ಅನುಸರಿಸಿ ಹಿಂದಕ್ಕೆ, ಕೆಳಕ್ಕೆ ಬನ್ನಿ. ಬೂದು ಉಬ್ಬು ಅತಿ ಹೆಚ್ಚು ಮುಂದೆ ಚಾಚಿದ ಜಾಗಕ್ಕೆ ಚುಕ್ಕೆ ಇಡಿ.

6. ಮೆದು ಅಂಗುಳದ ಹಿಂದಂಚನ್ನು ಪಿಎನ್‌ಎಸ್‌ನಿಂದ ಕಿರುನಾಲಿಗೆಯ ತುದಿವರೆಗೆ ಎಳೆಯಿರಿ.

ಐದನೇ ಹೆಜ್ಜೆಯಲ್ಲಿ ನಾಲ್ಕು ವೇಷಧಾರಿಗಳು ಎದುರಾಗುತ್ತವೆ. ಕಿವಿಯ ಹಾಲೆ ದುಂಡಗೆ ಬೂದಾಗಿ ಅದೇ ಜಾಗದಲ್ಲಿ ಬೀಳಬಹುದು. ಅದರ ಅಂಚನ್ನು ಹಿಂಬಾಲಿಸಿದರೆ ಅದು ಗಾಳಿಯ ಪಟ್ಟಿಯನ್ನು ದಾಟಿ ಮೂಳೆಯ ಮೇಲೂ ಮುಂದುವರಿಯುತ್ತದೆ, ಅಡೆನಾಯ್ಡ್ ಹಾಗೆ ಹೋಗುವುದಿಲ್ಲ. ದವಡೆಮೂಳೆಯ ಹಿಂದಂಚು ಗಾಳಿಯ ಮೇಲೆ ಹಾದು ಕಪ್ಪನ್ನು ಎರಡಾಗಿ ಸೀಳಿದಂತೆ ತೋರಿಸುತ್ತದೆ. ಮೂಗಿನೊಳಗಿನ ಟರ್ಬಿನೇಟ್‌ನ, ಅಂದರೆ ಪಕ್ಕದ ಗೋಡೆಯಿಂದ ಚಾಚಿದ ಮಡಿಕೆಯ, ಹಿಂತುದಿ ಊದಿದ್ದರೆ ಮುಂದಿನಿಂದ ಉಬ್ಬಿ ಬರುತ್ತದೆ. ಅಡೆನಾಯ್ಡ್ ಬರುವುದು ಮೇಲಿಂದ ಮತ್ತು ಹಿಂದಿನಿಂದ. ನಾಲ್ಕನೆಯದು ದೊಡ್ಡ ಟಾನ್ಸಿಲ್, ಕೆಳಗೆ ದವಡೆಯ ಮೂಲೆಯ ಹತ್ತಿರ ಮೊಟ್ಟೆಯಾಕಾರದ ನೆರಳಾಗಿ ನಾಲಿಗೆಯ ಬುಡದ ಮೇಲೆ ಬಿದ್ದಿರುತ್ತದೆ.

ಅಳತೆ

ಒಂದೇ ಅಳತೆ ಆರಿಸಿಕೊಳ್ಳಬೇಕೆಂದರೆ ಎ/ಎನ್ ಅನುಪಾತವನ್ನೇ ಆರಿಸಿಕೊಳ್ಳಿ. ಫುಜಿಯೋಕ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ವಿಧಾನ ಇದು. ಕ್ಲೈವಸ್‌ನ ಹಿಂಭಾಗದ ನೇರವಾದ ಮುಂದಂಚಿನ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಅಡೆನಾಯ್ಡ್‌ನ ಅತ್ಯಂತ ಉಬ್ಬಿದ ಚುಕ್ಕೆಯಿಂದ ಆ ಗೆರೆಗೆ ಲಂಬವಾಗಿ ಅಳೆದದ್ದು 'ಎ'. ಪಿಎನ್‌ಎಸ್‌ನಿಂದ ಮೆದುಮೂಳೆ ಸಂದಿನ ಕೆಳಮುಂದಿನ ತುದಿಗೆ ಇರುವ ದೂರ 'ಎನ್'. ಎ ಅನ್ನು ಎನ್‌ನಿಂದ ಭಾಗಿಸಿ. ಸಂದು ಕಾಣದಿದ್ದರೆ, ಮೇಲ್ದವಡೆಯ ಹಿಂದಿರುವ ತೆಳು ಮೂಳೆಯಾದ ಟೆರಿಗಾಯ್ಡ್ ಫಲಕದ ಹಿಂಗೆರೆ ಚಾವಣಿಯ ಮೂಳೆಯನ್ನು ದಾಟುವ ಜಾಗವನ್ನು ಅದರ ಬದಲಿಗೆ ಹಿಡಿಯಬಹುದು.

ಏಳು ವರ್ಷದ ಮಗುವಿನ ಚಿತ್ರದಲ್ಲಿ ಎ 20 ಮಿ.ಮೀ., ಎನ್ 24 ಮಿ.ಮೀ. ಬಂದರೆ ಅನುಪಾತ 0.83. ಫುಜಿಯೋಕ ಅವರ ಅಧ್ಯಯನದಲ್ಲಿ ಸಹಜ ಮಕ್ಕಳ ಸರಾಸರಿ ನಾಲ್ಕೂವರೆ ವರ್ಷದ ಸುಮಾರಿಗೆ ಗರಿಷ್ಠವಾಗಿ, ಆಗಲೂ 0.6ರ ಆಸುಪಾಸಿನಲ್ಲೇ ಇತ್ತು. 0.80 ದಾಟಿದರೆ ಗ್ರಂಥಿ ಹಿಗ್ಗಿದೆ ಎಂದು ಹೇಳಬಹುದು. 0.7ರಿಂದ 0.8ರ ನಡುವಿನದು ಅನುಮಾನದ ಪಟ್ಟಿ, ಅಲ್ಲಿ ಮಗುವಿನ ಲಕ್ಷಣಗಳೇ ತೀರ್ಪು ಕೊಡಬೇಕು. ಈ ಅಳತೆಯ ದೊಡ್ಡ ಗುಣವೆಂದರೆ ಎರಡೂ ಸಂಖ್ಯೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಹಿಗ್ಗುವಿಕೆ ತಾನಾಗಿಯೇ ಕಳೆದುಹೋಗುತ್ತದೆ. ಅಳತೆಪಟ್ಟಿ ಇಲ್ಲದ ಫಿಲ್ಮ್‌ಗೂ, ನೇರ ಹಿಡಿದು ತೆಗೆದ ಫೋಟೋಗೂ ನಡೆಯುತ್ತದೆ. ಅಂಗುಳ ಎಲ್ಲಿದೆ ಎಂಬುದು ಇದರ ಲೆಕ್ಕಕ್ಕೆ ಬರುವುದಿಲ್ಲ. ಅದು ಅನುಕೂಲವೂ ಹೌದು, ಕೊರತೆಯೂ ಹೌದು.

ಆ ಕೊರತೆ ತುಂಬಲು ದಾರಿಯ ಅಗಲ. ಮೆಕ್‌ನಮಾರಾ 1984ರಲ್ಲಿ ಕೊಟ್ಟ ವಿಧಾನದಂತೆ, ಮೆದು ಅಂಗುಳದ ಮುಂದಿನ ಅರ್ಧಭಾಗದ ಹಿಂದಂಚಿನಿಂದ ಹಿಂಗೋಡೆಗೆ ಅತ್ಯಂತ ಹತ್ತಿರದ ದೂರ ಅಳೆಯಿರಿ. ವಯಸ್ಕರಲ್ಲಿ ಸರಾಸರಿ ಸುಮಾರು 17 ಮಿ.ಮೀ., ಹಾಲುಹಲ್ಲು-ಶಾಶ್ವತ ಹಲ್ಲು ಬೆರೆತಿರುವ ವಯಸ್ಸಿನಲ್ಲಿ ಸುಮಾರು 12. ಅದು 5 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಇದ್ದರೆ ಅಡ್ಡಿ ಇರಬಹುದೆಂಬ ಸೂಚನೆ. 'ಇರಬಹುದು' ಎಂಬ ಮಾತನ್ನು ಅವರೇ ಬಿಟ್ಟಿಲ್ಲ, ನಾವೂ ಬಿಡಬಾರದು. ಕೆಳಗೆ, ನಾಲಿಗೆಯ ಹಿಂದಂಚು ದವಡೆಯ ಕೆಳಂಚನ್ನು ದಾಟುವ ಜಾಗದಿಂದ ಹಿಂಗೋಡೆಗೆ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇದು 15 ದಾಟಿದರೆ ಸಂತೋಷಪಡುವ ವಿಷಯವಲ್ಲ. ದೊಡ್ಡ ಟಾನ್ಸಿಲ್‌ನಿಂದಾಗಿ ಮಗು ನಾಲಿಗೆಯನ್ನು ಮುಂದಕ್ಕೆ ತಳ್ಳಿ ಇಟ್ಟುಕೊಂಡಿರಬಹುದು.

ತಿಳಿದುಕೊಂಡಿರಲು ಇನ್ನೊಂದು ಸುಲಭ ನೋಟ: ಅಂಗುಳದ ಹಿಂದಿನ ಗಾಳಿಪಟ್ಟಿಯ ಅಗಲವನ್ನು ಮೆದು ಅಂಗುಳದ ದಪ್ಪದೊಡನೆ ಹೋಲಿಸುವುದು. ಗಾಳಿಪಟ್ಟಿ ಅಂಗುಳದಷ್ಟೇ ಅಥವಾ ಅದಕ್ಕಿಂತ ಅಗಲವಿದ್ದರೆ ಚಿಂತೆಯಿಲ್ಲ. ಅಂಗುಳದ ಅರ್ಧಕ್ಕಿಂತಲೂ ಕಡಿಮೆಯಿದ್ದರೆ ಗ್ರಂಥಿ ದೊಡ್ಡದು. ಸ್ಕೇಲ್ ಇಲ್ಲದೆ ಕಣ್ಣಳತೆಯಲ್ಲೇ ಆಗುವ ಕೆಲಸ.

ಅಳೆದ ಮೇಲೆ ಚಿತ್ರ ಮುಚ್ಚಿಟ್ಟು, ಇನ್ನೊಂದು ದಿನ ಹಳೆಯ ಗುರುತು ನೋಡದೆ ಮತ್ತೆ ಅಳೆಯಿರಿ. ಅನುಪಾತದಲ್ಲಿ 0.05ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವುದೋ ಗುರುತು ತಪ್ಪಿದೆ, ಪಿಎನ್‌ಎಸ್ ಅನ್ನೇ ಮೊದಲು ಶಂಕಿಸಿ.

ಅಳತೆ ಒಂದು ಹೇಳಿ ಮಗು ಇನ್ನೊಂದು ಹೇಳಿದಾಗ

ಅನುಪಾತ 0.85, ಆದರೆ ಮಗು ಗೊರಕೆ ಹೊಡೆಯುವುದಿಲ್ಲ, ತುಟಿ ಮುಚ್ಚಿ ಮಲಗುತ್ತದೆ, ಕಿವಿ ಚೆನ್ನಾಗಿದೆ. ಇಲ್ಲಿ ತಂದೆತಾಯಿಯನ್ನು ಹೆದರಿಸಬೇಡಿ. ಬರೆದಿಟ್ಟುಕೊಂಡು, ಗಮನಿಸಬೇಕಾದ ಲಕ್ಷಣಗಳನ್ನು ಹೇಳಿ ಕಳಿಸಿ. ಚಿತ್ರ ತೋರಿಸಿದ್ದು ಮುಂದೆ-ಹಿಂದಿನ ಅಳತೆ ಮಾತ್ರ. ಗ್ರಂಥಿಯ ಎಡಬಲದಲ್ಲಿ ಎಷ್ಟು ದಾರಿ ಉಳಿದಿದೆ ಎಂಬುದು ಪಕ್ಕದಿಂದ ತೆಗೆದ ಚಿತ್ರದಲ್ಲಿ ಬೀಳುವುದಿಲ್ಲ.

ಅನುಪಾತ 0.55, ಆದರೆ ಮಗು ದಿನವೂ ಬಾಯಿ ತೆರೆದೇ ಇರುತ್ತದೆ, ರಾತ್ರಿಯಿಡೀ ಗೊರಕೆ. ಇದು ಹೆಚ್ಚು ಅಪಾಯದ ಸಂದರ್ಭ, ಏಕೆಂದರೆ 'ಎಕ್ಸ್‌ರೇ ನಾರ್ಮಲ್' ಎಂಬ ಮಾತು ಕೇಳಿ ಮನೆಯವರು ಸುಮ್ಮನಾಗುತ್ತಾರೆ. ಅಲರ್ಜಿಯ ಮೂಗು, ಊದಿದ ಟರ್ಬಿನೇಟ್, ಓರೆಯಾದ ಮೂಗಿನ ನಡುಗೋಡೆ, ದೊಡ್ಡ ಟಾನ್ಸಿಲ್ ಯಾವುದೂ ಅಡೆನಾಯ್ಡ್ ಅಳತೆಯಲ್ಲಿ ಕಾಣುವುದಿಲ್ಲ. ಕಳಿಸಲೇಬೇಕು.

ಕೆಲವು ಲಕ್ಷಣಗಳಿಗೆ ಅಳತೆಯ ಹಂಗೇ ಬೇಡ. ನಿದ್ದೆಯಲ್ಲಿ ಉಸಿರು ನಿಲ್ಲುವುದು, ತುಟಿ ನೀಲಿಯಾಗುವುದು, ತೂಕ ಏರದಿರುವುದು ಇದ್ದರೆ ಬೇಗ ಕಳಿಸಿ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುವ ಪುಟ್ಟ ಮಗುವಿನ ಮೂಗಿನಲ್ಲಿ ಬಳಪವೋ ಬೀಜವೋ ಸಿಕ್ಕಿಕೊಂಡಿರಬಹುದು, ಬಟನ್ ಬ್ಯಾಟರಿಯಾಗಿದ್ದರೆ ಗಂಟೆಗಳ ಲೆಕ್ಕ. ಹದಿಹರೆಯದ ಹುಡುಗನಿಗೆ ಪದೇಪದೇ ಮೂಗಿನಿಂದ ರಕ್ತ ಬರುತ್ತಿದ್ದು ಸೆಫ್‌ನಲ್ಲಿ ಆ ಜಾಗದಲ್ಲಿ ಗಡ್ಡೆ ಕಂಡರೆ ಅದು ಆಂಜಿಯೋಫೈಬ್ರೋಮಾ ಎಂಬ ರಕ್ತನಾಳಗಳ ಗಂಟಾಗಿರಬಹುದು. ಅದನ್ನು ಕ್ಲಿನಿಕ್‌ನಲ್ಲಿ ಮುಟ್ಟುವುದಾಗಲಿ ಚೂರು ತೆಗೆಯುವುದಾಗಲಿ ಕೂಡದು. ಇದಕ್ಕೆ ವಿರುದ್ಧವಾಗಿ, ಪದೇಪದೇ ಸೋಂಕಾಗುವ ನಾಲ್ಕೈದು ವರ್ಷದ ಮಗುವಿನಲ್ಲಿ ಅಡೆನಾಯ್ಡ್ ನೆರಳೇ ಇಲ್ಲದಿದ್ದರೆ, ಹಿಂದೆ ಶಸ್ತ್ರಚಿಕಿತ್ಸೆ ಆಗಿಲ್ಲವಾದರೆ, ರೋಗನಿರೋಧಕ ಶಕ್ತಿಯ ಕೊರತೆ ಇದೆಯೇ ಎಂದು ಮಕ್ಕಳ ವೈದ್ಯರು ನೋಡಬೇಕಾಗುತ್ತದೆ.

ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯನ್ನು ಚಿತ್ರದಿಂದ ನಿರ್ಧರಿಸುವಂತಿಲ್ಲ. ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ 2019ರ ತನ್ನ ಶ್ವೇತಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದಕ್ಕೆ ಇರುವುದು ರಾತ್ರಿಯ ನಿದ್ರಾ ಪರೀಕ್ಷೆ. ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್ ಆದ ಸಿಬಿಸಿಟಿಯಲ್ಲಿ ಬಣ್ಣ ತುಂಬಿದ ಉಸಿರುದಾರಿ ಕಣ್ಣಿಗೆ ಚೆಂದ, ಎಡಬಲದ ಅಗಲವೂ ಸಿಗುತ್ತದೆ. ಆದರೆ ನಾಲಿಗೆಯ ನಿಲುವು, ಉಸಿರಿನ ಹಂತ, ಸಾಫ್ಟ್‌ವೇರ್‌ನಲ್ಲಿ ಆಯ್ದ ಬೂದುಮಟ್ಟ ಬದಲಾದರೆ ಆ ಘನ ಅಳತೆಯೂ ಬದಲಾಗುತ್ತದೆ, ವಿಕಿರಣ ಸೆಫ್‌ಗಿಂತ ಹಲವು ಪಟ್ಟು. ಬೇರೆ ಕಾರಣಕ್ಕೆ ತೆಗೆದದ್ದು ಇದ್ದರೆ ಓದಿ, ಇದಕ್ಕೆಂದೇ ಬರೆಯಬೇಡಿ.

ಇಎನ್‌ಟಿಗೆ ಬರೆಯುವ ಪತ್ರ

'ಅಡೆನಾಯ್ಡ್ ದೊಡ್ಡದಿದೆ, ದಯವಿಟ್ಟು ತೆಗೆಯಿರಿ' ಎಂದು ಬರೆದ ಪತ್ರ ಕಸದಬುಟ್ಟಿಗೆ ಹೋದರೆ ಆಶ್ಚರ್ಯವಿಲ್ಲ. ವಯಸ್ಸು, ಗೊರಕೆ ಮತ್ತು ಬಾಯುಸಿರು ಎಷ್ಟು ಕಾಲದಿಂದ, ಕಿವಿಯ ದೂರು, ಕನ್ನಡಿ ಪರೀಕ್ಷೆಯಲ್ಲಿ ಕಂಡದ್ದು, ಟಾನ್ಸಿಲ್ ಗಾತ್ರ, ಕಿರುನಾಲಿಗೆ ಸಹಜವೋ ಸೀಳಿದೆಯೋ ಬರೆಯಿರಿ. ನಂತರ ಸೆಫ್ ತೆಗೆದ ದಿನ, ಆಗ ಬಾಯಿ ಮುಚ್ಚಿತ್ತೇ, ಶೀತವಿತ್ತೇ, ಎ/ಎನ್ ಎಷ್ಟು, ದಾರಿಯ ಅಗಲ ಎಷ್ಟು. ಕೊನೆಗೆ ನಮ್ಮ ಯೋಜನೆ: ಮೇಲ್ದವಡೆ ಅಗಲಿಸುವ ಎಕ್ಸ್‌ಪ್ಯಾಂಡರ್ ಹಾಕಬೇಕೆಂದಿದ್ದೇವೆ, ಮೂಗಿನ ಉಸಿರು ಸರಿಯಾಗಿದ್ದರೆ ಫಲಿತಾಂಶ ಉಳಿದೀತು, ನಿಮ್ಮ ಅಭಿಪ್ರಾಯ ಬೇಕು. ಚಿತ್ರವನ್ನೂ ಜೊತೆಗೆ ಕಳಿಸಿ, ಅವರಿಗೆ ಇನ್ನೊಂದು ಎಕ್ಸ್‌ರೇ ತೆಗೆಸುವ ಅಗತ್ಯ ಬೀಳದಿರಲಿ.

ಅವರು ತೆಳುವಾದ ಎಂಡೋಸ್ಕೋಪನ್ನು ಮೂಗಿನಿಂದ ಒಳಬಿಟ್ಟು, ಗ್ರಂಥಿ ಕಿವಿನಳಿಕೆಯ ದಿಬ್ಬವನ್ನು, ಮೂಗಿನ ನಡುಗೋಡೆಯನ್ನು, ಅಂಗುಳವನ್ನು ಮುಟ್ಟುತ್ತಿದೆಯೇ ಎಂದು ಕಣ್ಣಾರೆ ನೋಡುತ್ತಾರೆ. ಅಗತ್ಯವಿದ್ದರೆ ಕಿವಿಯ ಪರೀಕ್ಷೆ ಮಾಡಿಸುತ್ತಾರೆ. ಅನೇಕ ಮಕ್ಕಳಿಗೆ ಮೊದಲು ಕೆಲವು ವಾರ ಸ್ಟೆರಾಯ್ಡ್ ಮೂಗಿನ ಸ್ಪ್ರೇ ಕೊಟ್ಟು ನೋಡುವುದುಂಟು. ಅದರಲ್ಲೇ ಹಗುರಾಗುವ ಮಕ್ಕಳಿದ್ದಾರೆ.

ಶಸ್ತ್ರಚಿಕಿತ್ಸೆ ಆಯಿತೆನ್ನಿ. ಸ್ವೀಡನ್‌ನ ಲಿಂಡರ್-ಆರನ್ಸನ್ 1970ರಿಂದ ನಡೆಸಿದ ಅಧ್ಯಯನಗಳಲ್ಲಿ, ಗ್ರಂಥಿ ತೆಗೆದ ಮೇಲೆ ಮೂಗಿನ ಉಸಿರಿಗೆ ಮರಳಿದ ಮಕ್ಕಳಲ್ಲಿ ಹಲ್ಲು-ದವಡೆಗಳು ಸ್ವಲ್ಪಮಟ್ಟಿಗೆ ಸಹಜದತ್ತ ಸರಿದದ್ದು ಕಂಡಿತು. ಎಲ್ಲರಲ್ಲೂ ಅಲ್ಲ, ಪೂರ್ತಿಯೂ ಅಲ್ಲ. ಕಿರಿದಾದ ದವಡೆಗೆ ನಮ್ಮ ಚಿಕಿತ್ಸೆ ಬೇಕೇ ಬೇಕು. ದಾರಿ ತೆರೆದ ಮೇಲೂ ಬಾಯಿ ತೆರೆದೇ ಇಡುವ ಅಭ್ಯಾಸ ಎಷ್ಟೋ ಮಕ್ಕಳಲ್ಲಿ ಉಳಿಯುತ್ತದೆ. ಗುಣವಾಯಿತೇ ಎಂದು ನೋಡಲು ಹೊಸ ಸೆಫ್ ಬರೆಯಬೇಡಿ. ಎರಡು-ಮೂರು ತಿಂಗಳ ನಂತರ ಮಗುವನ್ನು ಕರೆಸಿ, ಕನ್ನಡಿ ಮತ್ತು ನೀರಿನ ಗುಟುಕಿನ ಪರೀಕ್ಷೆ ಮಾಡಿ, ಗೊರಕೆಯ ಬಗ್ಗೆ ಮನೆಯವರನ್ನು ಮತ್ತೆ ಕೇಳಿ. ಗೊರಕೆ ಮರುಕಳಿಸಿದ್ದರೆ ಅದೇ ಇಎನ್‌ಟಿ ವೈದ್ಯರಿಗೆ ತಿಳಿಸಿ. ಚಿಕ್ಕ ವಯಸ್ಸಿನಲ್ಲಿ ತೆಗೆಸಿದ ಅಡೆನಾಯ್ಡ್ ಕೆಲವರಲ್ಲಿ ಮತ್ತೆ ಬೆಳೆಯುತ್ತದೆ. ಹಲ್ಲಿನ ಚಿಕಿತ್ಸೆಯ ಮುಂದಿನ ಹಂತಕ್ಕೆ ಸೆಫ್ ಹೇಗೂ ಬರುವಾಗ, ಹಳೆಯ ಚಿತ್ರದ ಪಕ್ಕ ಇಟ್ಟು ಅದೇ ಗುರುತುಗಳಿಂದ ಅಳೆದು, ಎರಡೂ ಸಂಖ್ಯೆಗಳನ್ನು ದಿನಾಂಕದೊಡನೆ ಫೈಲಿನಲ್ಲಿ ಬರೆದಿಡಿ.